ಟ್ರ್ಯಾಕ್ ಬೈಕು ತೊಂದರೆ ಕೊಟ್ಟರೆ ಎಲ್ಲಿಂದ ಹುಡುಕಬೇಕು

ರಸ್ತೆಯ ಬೈಕನ್ನು ಬದಲಿಸಿ ರೇಸ್ ಟ್ರ್ಯಾಕಿಗೆ ಅಂತ ತಾವೇ ಕಟ್ಟಿಕೊಂಡವರಿಗೆ ಈ ಬರಹ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇಲ್ಲಿಂದ ಸುಮಾರು 700 ಕಿ.ಮೀ. ಕೊಯಮತ್ತೂರಿನ ಕರಿ ಟ್ರ್ಯಾಕ್ ಕೂಡ ಹತ್ತಿರವೇನಲ್ಲ. ಗಾಡಿಯನ್ನು ಪಿಕಪ್‌ನಲ್ಲಿ ಕಟ್ಟಿಕೊಂಡು, ರಾತ್ರಿಯಿಡೀ ಹೋಗಿ, ಫೀ ಕಟ್ಟಿ, ಕೆಲವೇ ಲ್ಯಾಪಿಗೆ ಗಾಡಿ ಕೈಕೊಟ್ಟರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ನನಗೆ ಎರಡು ಸಲ ಹಾಗಾಗಿದೆ. ಎರಡೂ ಸಲ ದೋಷ ಇಲ್ಲಿಂದ ಹೊರಡುವಾಗಲೇ ಗಾಡಿಯೊಳಗೆ ಇತ್ತು. ಅರ್ಧ ಗಂಟೆ ಕೂತು ನೋಡಿದ್ದರೆ ಸಿಗುತ್ತಿತ್ತು.

ಗೋಕುಲ ರೋಡಿನ ಕಡೆ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ನಾವೆಲ್ಲ ಕಾಕಾ ಅಂತಲೇ ಕರೆಯುತ್ತೇವೆ. ಯಾವ ತೊಂದರೆ ಹೇಳಿಕೊಂಡು ಹೋದರೂ ಅವರ ಮೊದಲ ಮಾತು ಒಂದೇ: "ತಮ್ಮಾ, ಕಡೀಕ ಏನು ಬಿಚ್ಚಿದ್ದಿ? ಅದನ್ನ ಮೊದಲ ನೋಡು."

ಕಂಪನಿಯಿಂದ ಬಂದ ಗಾಡಿ ಸಾಮಾನ್ಯವಾಗಿ ಸವೆದು ಕೆಡುತ್ತದೆ. ನಾವು ಕಟ್ಟಿದ ಗಾಡಿ ಹಾಗಲ್ಲ. ಅದು ನಾವು ಕೈ ಹಾಕಿದ ಜಾಗದಲ್ಲೇ ಕೆಡುತ್ತದೆ. ಸೈಲೆನ್ಸರ್, ಜೆಟ್ (ಕಾರ್ಬೋರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ), ಸ್ಪ್ರಾಕೆಟ್, ಹ್ಯಾಂಡಲ್ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಹೇಳಲಾಗದು. ಅದಕ್ಕೇ ಒಂದು ನೋಟ್‌ಬುಕ್ ಇಡಿ. ತಾರೀಖು, ಏನು ಬದಲಾಯಿತು, ಹಳೆಯ ಅಳತೆ ಎಷ್ಟು, ಹೊಸದು ಎಷ್ಟು, ಇಷ್ಟು ಬರೆದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ.

ಕೆಲಸಕ್ಕೆ ಕೂರುವ ಮೊದಲು ಕೆಲವು ಎಚ್ಚರಿಕೆ. ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಓಡುತ್ತಿರುವಾಗ ಚೈನ್ ಒರೆಸಬೇಡಿ, ಎಣ್ಣೆ ಬಿಡಬೇಡಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್‌ಗೆ ಸಿಕ್ಕಿ ತುಂಡಾಗುತ್ತದೆ. ಪೆಟ್ರೋಲ್ ಕೆಲಸ ಗಾಳಿಯಾಡುವ ಜಾಗದಲ್ಲಿ ಮಾಡಿ. ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ: "ಸುಮ್ನೆ ಒಂದು ರೌಂಡ್" ಅಂತ ಬೈಪಾಸ್‌ನಲ್ಲಿ ಟೆಸ್ಟ್ ಮಾಡಬೇಡಿ. ಆ ರಸ್ತೆ ಈಗಾಗಲೇ ಎಷ್ಟೋ ಜೀವ ತೆಗೆದಿದೆ. ಲೈಟು, ಕನ್ನಡಿ ಬಿಚ್ಚಿ ಮೂಲ ರೂಪ ಬದಲಿಸಿದ ಗಾಡಿ ರಸ್ತೆಗೆ ಇಳಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ.

ಸ್ಟಾರ್ಟ್ ಆಗುವುದೇ ಇಲ್ಲ, ಅಥವಾ ಓಡುತ್ತಾ ಥಟ್ಟನೆ ಬಂದ್ ಆಗುತ್ತದೆ

ಮೊದಲು ಕಿಲ್ ಸ್ವಿಚ್ (ಎಂಜಿನ್ ಬಂದ್ ಮಾಡಲು ಹ್ಯಾಂಡಲ್ ಮೇಲಿರುವ ಸ್ವಿಚ್), ಆಮೇಲೆ ಫ್ಯೂಸ್. ನಗಬೇಡಿ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

ಆಮೇಲೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಎಂಜಿನ್ ಬಂದ್ ಇದ್ದಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ 4,000-5,000 ಆರ್‌ಪಿಎಂಗೆ ಏರಿಸಿದಾಗ 13.5ರಿಂದ 14.5 ಬರಬೇಕು. ಏರದೇ 12ರಲ್ಲೇ ನಿಂತರೆ ಚಾರ್ಜಿಂಗ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಹಾಗೇ ಓಡಿಸಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟೀತು.

ಬ್ಯಾಟರಿ ಸರಿ ಇದ್ದರೆ ನೀವು ಕತ್ತರಿಸಿದ ವೈರ್‌ಗಳ ಕಡೆ ಬನ್ನಿ. ಸೈಡ್ ಸ್ಟ್ಯಾಂಡ್ ತೆಗೆದಾಗ ಅದರ ಸ್ವಿಚ್ಚಿನ ವೈರ್ ಏನು ಮಾಡಿದಿರಿ? ಎರಡನ್ನೂ ತಿರುಚಿ ಟೇಪ್ ಸುತ್ತಿದ್ದರೆ ಆ ಜೋಡಣೆ ಕಂಪನಕ್ಕೆ ಸಡಿಲಾಗುತ್ತದೆ. ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ. ಚಾಸಿಗೆ ಹೊಸ ಬಣ್ಣ ಹೊಡೆಸಿದ್ದರೆ ಅರ್ತ್ ಬೋಲ್ಟಿನ ಕೆಳಗೆ ಬಣ್ಣ ಕೂತಿರುತ್ತದೆ. ಆ ಜಾಗ ಕೆರೆದು ಲೋಹ ಕಾಣುವಂತೆ ಮಾಡಿ.

ಧಾರವಾಡದ ಗೆಳೆಯನೊಬ್ಬನ ಗಾಡಿ ಜೋರಾಗಿ ಬ್ರೇಕ್ ಹಿಡಿದಾಗಲೆಲ್ಲ ಬಂದ್ ಆಗುತ್ತಿತ್ತು. ಪ್ಲಗ್ ಬದಲಿಸಿದ, ಕಾಯಿಲ್ ಬದಲಿಸಿದ, ಪೆಟ್ರೋಲ್ ಪಂಪ್ ಕೂಡ ಬಿಚ್ಚಿ ನೋಡಿದ. ಕೊನೆಗೆ ಸಿಕ್ಕಿದ್ದು ಗಾಡಿ ಬಿದ್ದಾಗ ಎಂಜಿನ್ ಬಂದ್ ಮಾಡುವ ಪುಟ್ಟ ಸೆನ್ಸರ್. ಹೊಸ ಫೇರಿಂಗ್ (ಗಾಡಿಯ ಹೊರ ಕವಚ) ಹಾಕುವಾಗ ಅದರ ಹಳೆಯ ಕ್ಲಾಂಪ್ ತೆಗೆದು, ಟೇಪಿನಲ್ಲಿ ನೇತು ಹಾಕಿದ್ದ. ಬಿಗಿಯಾಗಿ ಕೂತ ಸೆನ್ಸರ್ ತಿರುವಿನಲ್ಲಿ ಗಾಡಿ ವಾಲಿದರೂ ಮೋಸ ಹೋಗುವುದಿಲ್ಲ. ಅಲ್ಲಿ ಭಾರ ಗಾಡಿಯ ನೇರಕ್ಕೇ ಬೀಳುತ್ತದೆ. ಆದರೆ ನೇತಾಡುವ ಸೆನ್ಸರ್ ಬ್ರೇಕಿನ ಎಳೆತಕ್ಕೆ ತೂಗಿ, ಗಾಡಿ ಬಿದ್ದಿದೆ ಅಂದುಕೊಳ್ಳುತ್ತದೆ. ಕಂಪನಿ ಹೇಗೆ ಕೂರಿಸಿತ್ತೋ ಹಾಗೇ ಕೂರಿಸಿ, ಅದೇ ದಿಕ್ಕಿನಲ್ಲಿ.

ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ತಾನೇ ರೇಸ್ ಆಗುತ್ತದೆ

ಕ್ಲಿಪ್-ಆನ್ ಹ್ಯಾಂಡಲ್ (ಫೋರ್ಕ್ ಕೊಳವೆಗೆ ನೇರ ಕಟ್ಟುವ ತಗ್ಗಿನ ಹ್ಯಾಂಡಲ್) ಹಾಕಿದ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ, ಬಹಳ ಅಪಾಯ ಕೂಡ. ಹ್ಯಾಂಡಲ್ ಕೆಳಗೆ ಬಂದಾಗ ಎಕ್ಸಲೇಟರ್ ಕೇಬಲ್ ಹೋಗುವ ದಾರಿ ಬದಲಾಗುತ್ತದೆ. ಒಂದು ಕಡೆ ತಿರುಗಿಸಿದಾಗ ಕೇಬಲ್ ಬಿಗಿದು ತಾನೇ ಎಳೆಯುತ್ತದೆ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಐಡ್ಲಿಂಗ್‌ನಲ್ಲಿ ಬಿಡಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಆರ್‌ಪಿಎಂ ಒಂಚೂರೂ ಏರಬಾರದು. ಎಕ್ಸಲೇಟರ್ ಪೂರ್ತಿ ತಿರುಗಿಸಿ ಕೈ ಬಿಟ್ಟರೆ ತಾನೇ ಟಪ್ ಅಂತ ಮುಚ್ಚಬೇಕು, ಎರಡೂ ತುದಿಯಲ್ಲಿ. ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ನಿಮ್ಮ ಹೆಬ್ಬೆರಳು ಗ್ಲೌಸ್ ಸಮೇತ ಸಿಕ್ಕಿಕೊಳ್ಳಬಾರದು. ಇದರಲ್ಲಿ ಒಂದು ತಪ್ಪಿದರೂ ಗಾಡಿ ಸ್ಟ್ಯಾಂಡಿನಿಂದ ಇಳಿಯಬಾರದು.

ನೇರ ದಾರಿಯ ಕೊನೆಗೆ ಗಾಡಿ ಉಸಿರು ಕಟ್ಟಿದಂತೆ ಆಗುತ್ತದೆ

ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಚೆನ್ನಾಗಿದೆ. ಎಕ್ಸಲೇಟರ್ ಪೂರ್ತಿ ಹಿಡಿದು ಐದಾರು ಸೆಕೆಂಡ್ ಆದಮೇಲೆ ಮಿಸ್ಸಿಂಗ್ ಶುರು. ಬಿಟ್ಟು ಮತ್ತೆ ಹಿಡಿದರೆ ಸರಿ. ಇದು ಪೆಟ್ರೋಲ್ ಸಾಲುತ್ತಿಲ್ಲ ಅನ್ನುವ ಗುರುತು.

ಖರ್ಚಿಲ್ಲದ ಪರೀಕ್ಷೆ ಟ್ಯಾಂಕಿನ ಮುಚ್ಚಳದಿಂದ ಶುರು. ತೊಂದರೆ ಕಾಣಿಸಿ ಒಳಗೆ ಬಂದ ಕೂಡಲೇ ಎಂಜಿನ್ ಬಂದ್ ಮಾಡಿ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರು ತೂತು ಕಟ್ಟಿದೆ, ಇಲ್ಲವೇ ಬ್ರೀದರ್ ಪೈಪ್ ಫೇರಿಂಗ್ ಕೆಳಗೆ ಮಡಚಿದೆ. ಎರಡು ನಿಮಿಷದ ಕೆಲಸ.

ಆಮೇಲೆ ಏರ್ ಫಿಲ್ಟರ್. ನಮ್ಮ ಕಡೆಯ ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ನವಲಗುಂದದ ರಸ್ತೆಯಲ್ಲಿ ಬೇಸಿಗೆಯಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ. ಫಿಲ್ಟರ್ ಬಾಕ್ಸ್ ತೆಗೆದು ಬಾಯಿಗೆ ಬರೀ ಜಾಲರಿ ಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಿಗುವ ಪವರ್ ಅಷ್ಟಕ್ಕಷ್ಟೇ, ಒಳಗೆ ಹೋಗುವ ಧೂಳು ಮಾತ್ರ ಪಿಸ್ಟನ್ ರಿಂಗ್ ತಿನ್ನುತ್ತದೆ.

ಮೂರನೆಯದು ಪೆಟ್ರೋಲ್ ಹರಿವು. ಕಾರ್ಬೋರೇಟರ್ ಗಾಡಿಯಾದರೆ ಟ್ಯಾಂಕಿನ ಪೈಪ್ ಬಿಚ್ಚಿ ಬಾಟಲಿಗೆ ಬಿಡಿ. ಎಡೆಬಿಡದ ಧಾರೆ ಬರಬೇಕು. ಮೊದಲು ಜೋರಾಗಿ ಬಂದು ಸಣ್ಣದಾದರೆ ಟ್ಯಾಪಿನ ಜಾಲರಿಯಲ್ಲಿ ಕಸ ಇದೆ. ಎಂಜಿನ್ ಓಡುವಾಗಷ್ಟೇ ಪೆಟ್ರೋಲ್ ಬಿಡುವ ಟ್ಯಾಪ್ ಇದ್ದರೆ ಈ ಪರೀಕ್ಷೆ ಗ್ಯಾರೇಜಿನಲ್ಲೇ ಆಗಲಿ. ಎರಡು-ಮೂರು ತಿಂಗಳು ನಿಂತ ಗಾಡಿಯಲ್ಲಿ ಹಳೆಯ ಪೆಟ್ರೋಲ್ ಬಿಡಲೇಬೇಡಿ. ಎಥೆನಾಲ್ ಬೆರೆತದ್ದು ನೀರು ಹೀರಿಕೊಳ್ಳುತ್ತದೆ, ಜೆಟ್‌ನಲ್ಲಿ ಅಂಟು ಕಟ್ಟುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಉಸಿರು ಕಟ್ಟಿದರೆ ಜೆಟ್ಟಿಂಗ್ ಕಡೆ ಬರಬೇಕು. ಇಲ್ಲಿ ನಮ್ಮೂರಿನವರು ತಿಳಿದಿರಲೇಬೇಕಾದ ಒಂದು ವಿಷಯ ಇದೆ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಎತ್ತರ, ಧಾರವಾಡ 700 ದಾಟುತ್ತದೆ. ಚೆನ್ನೈ ಟ್ರ್ಯಾಕ್ ಹೆಚ್ಚೂಕಡಿಮೆ ಸಮುದ್ರ ಮಟ್ಟದಲ್ಲೇ ಇದೆ. ಅಲ್ಲಿನ ಗಾಳಿ ಇಲ್ಲಿಗಿಂತ ನೂರಕ್ಕೆ ಸುಮಾರು ಆರರಷ್ಟು ದಟ್ಟ. ಅಲ್ಲಿನ ಬಿಸಿಲು ಆ ವ್ಯತ್ಯಾಸವನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ಹಾಗಾಗಿ ಇಲ್ಲಿ ಹದವಾಗಿ ಕೂರಿಸಿದ ಜೆಟ್ ಅಲ್ಲಿ ಸಣ್ಣದಾಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಮಿಸ್ತ್ರಿಗಳು ಲೀನ್ ಅನ್ನುವುದು ಇದಕ್ಕೇ. ಅದರ ಮೇಲೆ ಹೊಗೆಯನ್ನು ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಕೂಡ ಇದ್ದರೆ ಇನ್ನೂ ಲೀನ್.

ಲೀನ್ ಗಾಡಿ ಮೊದಲು ಚುರುಕಾಗಿ ಓಡುತ್ತದೆ. ಮೋಸ ಇರುವುದೇ ಅಲ್ಲಿ. "ಇವತ್ತು ಗಾಡಿ ಹಾರ್ತಾ ಇದೆ" ಅಂದುಕೊಳ್ಳುವಷ್ಟರಲ್ಲಿ ಒಳಗೆ ಬಿಸಿ ಏರಿ, ಎಂಜಿನ್ ಕಿಟಿಕಿಟಿ ಅನ್ನತೊಡಗಿ, ಪಿಸ್ಟನ್ ತಲೆ ಕರಗುತ್ತದೆ. ಇಂಥ ಒಂದು ಪಿಸ್ಟನ್ ಕಾಕಾ ಅವರ ಗ್ಯಾರೇಜಿನ ಕಿಟಕಿಯಲ್ಲಿ ಇಟ್ಟಿದ್ದಾರೆ, ಹುಡುಗರು ನೋಡಲಿ ಅಂತ. ನಡುವೆ ಕಿರುಬೆರಳು ತೂರುವಷ್ಟು ತೂತು.

ಪ್ಲಗ್ ಸುಳ್ಳು ಹೇಳುವುದಿಲ್ಲ. ಹೊಸ ಪ್ಲಗ್ ಹಾಕಿ ಕೆಲವು ಲ್ಯಾಪ್ ಓಡಿಸಿ. ನಂತರ ನೇರ ದಾರಿಯಲ್ಲಿ ಪೂರ್ತಿ ಎಕ್ಸಲೇಟರ್‌ನಲ್ಲಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಬಂದ್ ಮಾಡಿ, ತೇಲಿಕೊಂಡು ಪಿಟ್‌ಗೆ ಬನ್ನಿ. ಇದನ್ನು ಟ್ರ್ಯಾಕ್ ಸಿಬ್ಬಂದಿಗೆ ಮೊದಲೇ ಹೇಳಿ, ಹಿಂದೆ ಯಾರೂ ಇಲ್ಲದಾಗ, ಕೈ ಎತ್ತಿ ಪಕ್ಕಕ್ಕೆ ಸರಿದು ಮಾಡಬೇಕು. ಪ್ಲಗ್ಗಿನ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ಬಂದಿದ್ದರೆ ಹದ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಪವರ್ ಕಡಿಮೆಯಾಗುತ್ತದೆ, ಎಂಜಿನ್ ಉಳಿಯುತ್ತದೆ. ಬೆಳ್ಳಗೆ ಸುಟ್ಟಂತಿದ್ದರೆ, ಮೇಲೆ ಸಣ್ಣ ಹೊಳೆಯುವ ಕಣಗಳಿದ್ದರೆ, ಅಲ್ಲಿಗೇ ನಿಲ್ಲಿಸಿ. ಆ ಕಣಗಳು ಪಿಸ್ಟನ್ನಿನ ಅಲ್ಯುಮಿನಿಯಂ. ಒದ್ದೆಯಾಗಿ ಆಯಿಲ್ ಅಂಟಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ.

ಊರು ಬಿಡುವಾಗ ಈಗಿನದಕ್ಕಿಂತ ಒಂದು, ಎರಡು ಸೈಜ್ ದೊಡ್ಡ ಮೇನ್ ಜೆಟ್ ಜೇಬಿನಲ್ಲಿರಲಿ. ಮೊದಲ ರೌಂಡಿಗೆ ದೊಡ್ಡದನ್ನೇ ಹಾಕಿ, ಪ್ಲಗ್ ನೋಡಿ ಕೆಳಗಿಳಿಯಿರಿ. ಸಣ್ಣದರಿಂದ ಮೇಲೇರುವ ಸಾಹಸ ಬೇಡ. ಎಫ್‌ಐ ಗಾಡಿಗಳು (ಕಾರ್ಬೋರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವವು) ಗಾಳಿಯ ಒತ್ತಡ ತಿಳಿದುಕೊಂಡು ಈ ಎತ್ತರದ ವ್ಯತ್ಯಾಸವನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಆದರೆ ಬದಲಿಸಿದ ಸೈಲೆನ್ಸರ್ ಮತ್ತು ಫಿಲ್ಟರ್ ಅವುಗಳಿಗೂ ಹೊಸದು. ಪೂರ್ತಿ ಎಕ್ಸಲೇಟರ್‌ನಲ್ಲಿ ಅವು ತಮ್ಮೊಳಗಿನ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕೆಂಬ ಪಟ್ಟಿ) ನಂಬಿ ಓಡುತ್ತವೆ. ಆ ಮ್ಯಾಪ್ ತಿದ್ದುವ ಕೆಲಸ ಡೈನೋ (ಎಂಜಿನ್ ಪವರ್ ಅಳೆಯುವ ಯಂತ್ರ) ಇರುವವರ ಹತ್ತಿರವೇ ಆಗಬೇಕು.

ಬ್ರೇಕ್ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ

ನನ್ನ ಎರಡು ಸೋಲಿನಲ್ಲಿ ಒಂದು ಇದು. ಮೊದಲ ನಾಲ್ಕು ಲ್ಯಾಪ್ ಲಿವರ್ ಕಲ್ಲಿನಂತೆ ಗಟ್ಟಿ. ಐದನೆಯದರಲ್ಲಿ ಮೆತ್ತಗಾಯಿತು. ಆರನೆಯದರಲ್ಲಿ ಬೆರಳಿಗೆ ತಾಗಿತು. ತಿರುವು ಬಿಟ್ಟು ನೇರ ಮಣ್ಣಿಗೆ ಹೋದೆ, ಬೀಳಲಿಲ್ಲ ಅಷ್ಟೇ.

ಕಾರಣ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಕುಡಿಯುತ್ತದೆ. ನಾನು ಹಾಕಿದ್ದು ಮುಂಗಾರಿಗೆ ಮೊದಲೇ ಸೀಲ್ ಒಡೆದ ಬಾಟಲಿಯದು. ಧಾರವಾಡದ ಜಿಟಿಜಿಟಿ ಮಳೆಗಾಲ ಪೂರ್ತಿ ಅದು ಅರ್ಧ ಖಾಲಿಯಾಗಿ ಕಪಾಟಿನಲ್ಲಿ ಕೂತಿತ್ತು. ಬ್ರೇಕ್ ಆಯಿಲ್ ದರ್ಜೆಗಳನ್ನು ಡಾಟ್ ನಂಬರಿನಿಂದ ಗುರುತಿಸುತ್ತಾರೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು. ತೇವ ಕುಡಿದ ಮೇಲೆ ಅದೇ ಆಯಿಲ್‌ಗೆ ಇರುವ ಮಿತಿ 155. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಡಾಟ್ 5.1ಕ್ಕೆ 260 ಮತ್ತು 180. ಊರಿನ ರಸ್ತೆಯಲ್ಲಿ ಆ ಬಿಸಿ ಬರುವುದೇ ಅಪರೂಪ. ಟ್ರ್ಯಾಕಿನಲ್ಲಿ ಸುಲಭವಾಗಿ ಬರಬಹುದು. ಆಯಿಲ್ ಕುದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಲಿವರ್ ಖಾಲಿ ಬರುತ್ತದೆ.

ಲಿವರ್ ಗಟ್ಟಿಯಾಗೇ ಇದೆ, ಆದರೆ ಗಾಡಿ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಅದು ಆಯಿಲ್ ಅಲ್ಲ, ಪ್ಯಾಡ್. ರಸ್ತೆಯ ಪ್ಯಾಡ್ ಆ ಬಿಸಿ ತಡೆಯುವುದಿಲ್ಲ. ಈ ಎರಡನ್ನು ಬೆರೆಸಿಕೊಂಡು ಸುಮ್ಮನೆ ದುಬಾರಿ ಪ್ಯಾಡ್ ಕೊಂಡವರು ಇದ್ದಾರೆ.

ತಣ್ಣಗಿದ್ದಾಗಲೇ ಲಿವರ್ ಮೆತ್ತಗಿದ್ದರೆ ಒಳಗೆ ಗಾಳಿ ಇದೆ, ಬ್ಲೀಡ್ ಮಾಡಬೇಕು, ಅಂದರೆ ಆಯಿಲ್ ಹರಿಸಿ ಆ ಗಾಳಿ ಹೊರಹಾಕಬೇಕು. ಲಿವರ್ ಒತ್ತಿ ಹಿಡಿದು ಒಂದು ನಿಮಿಷ ನೋಡಿ. ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ತಟ್ಟಿದಂತೆ ಮಿಡಿದರೆ ಡಿಸ್ಕ್ ಬಾಗಿದೆ. ಅದನ್ನು ಸುತ್ತಿಗೆಯಿಂದ ನೇರ ಮಾಡಲು ಹೋಗಬೇಡಿ.

ಟ್ರ್ಯಾಕ್‌ಗೆ ಹೋಗುವ ವಾರವೇ ಹೊಸ ಬಾಟಲಿಯ ಸೀಲ್ ಒಡೆಯಿರಿ. ಡಾಟ್ 5 ಸಿಲಿಕೋನ್‌ನದು, ಹೆಸರು ಹತ್ತಿರ ಇದೆ ಅಂತ ಇದರ ಜೊತೆ ಬೆರೆಸಬೇಡಿ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಮೊದಲ ಸಲ ಬ್ಲೀಡ್ ಮಾಡುವವರು ಗೊತ್ತಿದ್ದವರನ್ನು ಕೂರಿಸಿಕೊಂಡು ಮಾಡಿ. ಎಬಿಎಸ್ ಇದ್ದರೆ ಗಾಳಿ ಆ ಯೂನಿಟ್ ಒಳಗೆ ಉಳಿಯಬಹುದು, ಆಗ ಸರ್ವಿಸ್ ಸೆಂಟರೇ ಬೇಕು. ಪ್ಯಾಡ್ ಬದಲಿಸಿದ ಮೇಲೆ ಗಾಡಿ ಸರಿಸುವ ಮೊದಲು ಲಿವರ್ ಗಟ್ಟಿಯಾಗುವವರೆಗೂ ಒತ್ತಿ. ಇದನ್ನು ಮರೆತರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ.

ಹ್ಯಾಂಡಲ್ ನಡುಗುತ್ತದೆ, ಅಥವಾ ಇಡೀ ಗಾಡಿ ತೂಗುತ್ತದೆ

ಈ ಎರಡನ್ನು ಬೇರೆ ಬೇರೆ ನೋಡಿ. ಹ್ಯಾಂಡಲ್ ಬೇಗ ಬೇಗ ನಡುಗಿದರೆ ಮುಂದಿನ ಭಾಗ ಹುಡುಕಿ. ಇಡೀ ಗಾಡಿ ನಿಧಾನಕ್ಕೆ ಅತ್ತಿತ್ತ ತೂಗಿದರೆ ಹಿಂದಿನ ಭಾಗ.

ಎರಡಕ್ಕೂ ಮೊದಲು ಗಾಳಿ ನೋಡಿ. ಟೈರ್ ಬಿಸಿಯಾದಂತೆ ಒತ್ತಡ ಏರುತ್ತದೆ. ಹಾಗಾಗಿ ಟೈರ್ ಕಂಪನಿ ಹೇಳಿದ ಬಿಸಿ ಅಳತೆಯನ್ನು ಟ್ರ್ಯಾಕಿನಿಂದ ಒಳಗೆ ಬಂದ ಕೂಡಲೇ ನೋಡಬೇಕು. ಯಾವಾಗಲೂ ಒಂದೇ ಮೀಟರ್ ಬಳಸಿ, ಅದು ನಿಮ್ಮದೇ ಆಗಿರಲಿ.

ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಫೋರ್ಕ್‌ನ ಕೆಳಭಾಗ ಹಿಡಿದು ಹಿಂದೆ ಮುಂದೆ ತಳ್ಳಿ. ಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಸಡಿಲ. ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನಡುವಲ್ಲಿ ಕಚ್ಚಿ ನಿಂತಂತಾದರೆ ಅದು ಸವೆದು ಗುಳಿ ಬಿದ್ದಿದೆ, ಬದಲಿಸಬೇಕು. ಫೋರ್ಕ್ ಕೊಳವೆಗಳನ್ನು ಕ್ಲಾಂಪ್‌ನಲ್ಲಿ ಮೇಲಕ್ಕೆ ಏರಿಸಿದ್ದೀರಾ? ಗಾಡಿ ತಿರುಗುವುದು ಚುರುಕಾಗುತ್ತದೆ, ನೇರದಲ್ಲಿ ಸ್ಥಿರತೆ ಹೋಗುತ್ತದೆ. ಹಳೆಯ ಅಳತೆಗೆ ವಾಪಸ್ ತಂದು ನೋಡಿ. ನಡುಕ ನಿಂತರೆ ಕಾರಣ ಸಿಕ್ಕಿತು, ಖರ್ಚು ಸೊನ್ನೆ. ಇದನ್ನು ಬಿಟ್ಟು ನೇರ ನಡುಕ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ರೋಗ ಮುಚ್ಚಿಟ್ಟಂತೆ.

ಹಿಂದೆ ಚೈನ್ ಸೆಟ್ಟಿಂಗ್‌ನ ಗೆರೆಗಳು ಎರಡೂ ಕಡೆ ಒಂದೇ ಇವೆಯಾ ನೋಡಿ. ಚಕ್ರ ಪಕ್ಕಕ್ಕೆ ಅಲ್ಲಾಡಿಸಿ: ಚಕ್ರ ಒಂದೇ ಆಡಿದರೆ ಬೇರಿಂಗ್, ಚಕ್ರ ಹಿಡಿದ ತೋಳಾದ ಸ್ವಿಂಗ್‌ಆರ್ಮ್ ಸಮೇತ ಆಡಿದರೆ ಬುಷ್. ಆಮೇಲೆ ಶಾಕ್ ಸೆಟ್ಟಿಂಗ್. ಪೂರ್ತಿ ಗೇರ್ ಹಾಕಿಕೊಂಡು ನೀವು ಕೂತಾಗ ಗಾಡಿಯ ಹಿಂಭಾಗ 30 ಮಿ.ಮೀ. ಆಸುಪಾಸು ಇಳಿಯಬೇಕು. ಒಬ್ಬರು ಗಾಡಿ ಹಿಡಿಯಬೇಕು, ಒಬ್ಬರು ಅಳೆಯಬೇಕು. ಒಬ್ಬರೇ ಕೂತು ಬಗ್ಗಿ ನೋಡಿದ ಅಳತೆ ಲೆಕ್ಕಕ್ಕಿಲ್ಲ.

ಒಮ್ಮೆ ಬಿದ್ದ ಗಾಡಿಯಾಗಿದ್ದು ಇಷ್ಟಾದರೂ ನಡುಕ ನಿಲ್ಲದಿದ್ದರೆ ಚಾಸಿ ಬಾಗಿರುವ ಅನುಮಾನ ಇಟ್ಟುಕೊಳ್ಳಿ. ಅದು ಅಳತೆಯ ಜಿಗ್ ಇರುವ ಜಾಗದ ಕೆಲಸ.

ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ

ಕ್ಲಚ್ ಜಾರುತ್ತಿದೆ. ಪ್ಲೇಟ್ ಬಿಚ್ಚುವ ಮೊದಲು ಲಿವರ್ ತುದಿಯಲ್ಲಿ 10-15 ಮಿ.ಮೀ. ಸಡಿಲ ಇದೆಯಾ ನೋಡಿ. ಇಲ್ಲದಿದ್ದರೆ ಕೇಬಲ್ಲೇ ಕ್ಲಚ್ಚನ್ನು ಅರ್ಧ ಎಳೆದು ಹಿಡಿದಿದೆ. ಆಮೇಲೆ ಆಯಿಲ್ ಡಬ್ಬಿ ಓದಿ: ಬೈಕ್ ಆಯಿಲ್ ದರ್ಜೆ ಜಾಸೋ ಎಂಎ ಅಥವಾ ಎಂಎ2 ಇರಬೇಕು. ಎಂಬಿ ಅಂತಿದ್ದರೆ, ಇಲ್ಲವೇ ಕಾರಿನ ಆಯಿಲ್ ಆಗಿದ್ದರೆ, ಕ್ಲಚ್ ಜಾರುವುದು ಸಹಜ. ರಿಯರ್‌ಸೆಟ್ (ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್) ಹಾಕಿದ ಮೇಲೆ ಗೇರ್ ನಡುವೆ ಬಿಡುತ್ತಿದ್ದರೆ ಗೇರ್‌ಬಾಕ್ಸ್ ಬೈಯಬೇಡಿ, ಲಿಂಕ್ ರಾಡ್ ನೋಡಿ. ರಾಡಿಗೂ ಅದರ ತೋಳಿಗೂ ನಡುವೆ ಹತ್ತಿರ ಹತ್ತಿರ 90 ಡಿಗ್ರಿ ಇರಬೇಕು.

ಟೆಂಪರೇಚರ್ ಏರುತ್ತಲೇ ಹೋಗುತ್ತದೆ

ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಮುಖ ಸುಡುತ್ತದೆ.

ತಣ್ಣಗಾದ ಮೇಲೆ ನೀರಿನ ಮಟ್ಟ, ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಮಣ್ಣು, ಮುಚ್ಚಳದ ರಬ್ಬರ್ ನೋಡಿ. ಕೂಲೆಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ ಅಂತ ಎಷ್ಟೋ ಕಡೆ ಬರೀ ನೀರು ಹಾಕಿಸುತ್ತಾರೆ. ನೀರು 100 ಡಿಗ್ರಿಗೆ ಕುದಿಯದಂತೆ ತಡೆಯುವುದೇ ಆ ಮುಚ್ಚಳದ ಒತ್ತಡ. 1.1 ಬಾರ್‌ನ ಒಳ್ಳೆಯ ಮುಚ್ಚಳ ಅದನ್ನು ಸುಮಾರು 120ಕ್ಕೆ ಏರಿಸುತ್ತದೆ. ಮನೆಗೆ ಬಂದ ಮೇಲೆ ನೀರು ಇಳಿಸಿ ಕೂಲೆಂಟ್ ಹಾಕಿ, ಇಲ್ಲದಿದ್ದರೆ ಒಳಗೆ ತುಕ್ಕು. ನೀರು ಬದಲಿಸಿದ ಮೇಲೆ ಶುರುವಾದ ಬಿಸಿಯಾದರೆ ಒಳಗೆ ಗಾಳಿ ನಿಂತಿದೆ.

ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ, ಅಥವಾ ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಓಡಿಸುವುದು ಅಲ್ಲಿಗೇ ಮುಗಿಯಿತು.

ಎಂಜಿನ್ ಒಳಗಿಂದ ಹೊಸ ಸದ್ದು

ಮೇಲಿನಿಂದ ಟಿಕ್ ಟಿಕ್ ಅಂದರೆ ಟ್ಯಾಪೆಟ್ ಅಥವಾ ಟೈಮಿಂಗ್ ಚೈನ್. ಸೈಲೆನ್ಸರ್ ಹೆಡ್ಡಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರಿದರೂ ಅದೇ ಸದ್ದು ಬರುತ್ತದೆ, ಹಾಗಾಗಿ ಮೊದಲು ಅಲ್ಲಿ ಮಸಿಯ ಗುರುತು ಹುಡುಕಿ. ಕೆಳಗಿನಿಂದ ದಪ್ಪ ಸದ್ದು ಬಂದು, ಎಕ್ಸಲೇಟರ್ ಜೊತೆ ಏರಿದರೆ ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು.

ಆಯಿಲ್ ಇಳಿಸಿ ಬಿಳಿ ತಟ್ಟೆಗೆ ಹಾಕಿ, ಬಿಸಿಲಿಗೆ ಹಿಡಿದು ನೋಡಿ. ಒಂದು ಮ್ಯಾಗ್ನೆಟ್ ಆಡಿಸಿ. ನುಣುಪಾದ ಬೂದು ಪೇಸ್ಟ್ ಸ್ವಲ್ಪ ಅಂಟಿದರೆ ಅದು ಸಾಮಾನ್ಯ ಸವೆತ. ಉಗುರಿಗೆ ಸಿಗುವ ಚೂರು ಅಂಟಿದರೆ ಗೇರ್ ಅಥವಾ ಬೇರಿಂಗ್. ಮ್ಯಾಗ್ನೆಟ್‌ಗೆ ಅಂಟದೆ ಹೊಳೆಯುವ ಚೂರು ಇದ್ದರೆ ಪಿಸ್ಟನ್ ಅಥವಾ ಬುಷ್. ಚೂರು ಯಾವುದೇ ಇರಲಿ, "ಒಂದೇ ಸಲ ಸ್ಟಾರ್ಟ್ ಮಾಡಿ ಕೇಳ್ತೀನಿ" ಅನ್ನಬೇಡಿ. ಆ ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ನೋಟ್‌ಬುಕ್ ಜೊತೆಗಿಟ್ಟು, ಗಾಡಿಯನ್ನು ತಳ್ಳಿಕೊಂಡೇ ಪಿಕಪ್‌ಗೆ ಏರಿಸಿ ಎಂಜಿನ್ ಕೆಲಸದವರ ಹತ್ತಿರ ಒಯ್ಯಿರಿ. ಅವರು ಕೇಳುವ ಮೊದಲ ಎರಡು ಪ್ರಶ್ನೆಗೆ ಉತ್ತರ ಆ ಎರಡರಲ್ಲೇ ಇರುತ್ತದೆ.